ಚಂಡಮಾರುತದ ನಂತರ ಬಡಾವಣೆಯನ್ನು ಮತ್ತೆ ಕಟ್ಟುವುದು: ಮುಂಬೈನ ಕನ್ನಡ ಸಂಘಗಳಿಗೊಂದು ಕೈಪಿಡಿ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ವರ್ಷದ ಎರಡು ಕಾಲಗಳಲ್ಲಿ ಏಳುತ್ತವೆ: ಮುಂಗಾರಿಗೆ ಮುಂಚಿನ ಮೇ–ಜೂನ್‌ನಲ್ಲಿ, ಮತ್ತು ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್–ನವೆಂಬರ್‌ನಲ್ಲಿ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತವು ಮುಂಬೈಗೆ ದಕ್ಷಿಣದಲ್ಲಿರುವ ರಾಯಗಡ ಜಿಲ್ಲೆಯ ಕರಾವಳಿಯನ್ನು ಅಪ್ಪಳಿಸಿತು. ಮರುವರ್ಷ ಮೇ 17ರಂದು ತೌಕ್ತೆ ಮುಂಬೈ ತೀರದ ಪಕ್ಕದಲ್ಲೇ ಹಾದು ಗುಜರಾತಿನತ್ತ ಸಾಗಿತು. ನಗರದ ನೆಲವನ್ನು ಮುಟ್ಟದೆ ಹೋದರೂ ಆ ದಿನ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ವೇಗದಲ್ಲಿ ಬೀಸಿತು, ಸಾಂತಾಕ್ರೂಜ್‌ನಲ್ಲಿ 230 ಮಿಲಿಮೀಟರ್ ಮಳೆ ಬಿತ್ತು. ಮೇ ತಿಂಗಳೆಂದರೆ ಮುಂಬೈನ ಕನ್ನಡಿಗರು ಊರಿಗೆ ಹೋಗುವ ಕಾಲ. ಶಾಲೆಗಳಿಗೆ ರಜೆ, ಊರಿನಲ್ಲಿ ಜಾತ್ರೆ ಮತ್ತು ಮದುವೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರೂ ಉಡುಪಿ, ಮಂಗಳೂರಿನ ಕಡೆಯವರೂ ಮನೆಗೆ ಬೀಗ ಹಾಕಿ ಹೊರಟಿರುತ್ತಾರೆ. ಹಾಗಾಗಿ ಗಾಳಿಮಳೆ ಹೊಡೆದ ಮರುವಾರ ಅಧಿಕಾರಿಗಳು ಗಲ್ಲಿಗೆ ಬಂದಾಗ ಬೀಗ ಬಿದ್ದ ಮನೆಯು ಯಾರೂ ವಾಸವಿಲ್ಲದ ಮನೆಯೆಂದು ದಾಖಲಾಗುವ ಅಪಾಯ ನಮ್ಮವರಿಗೆ ಇತರರಿಗಿಂತ ಹೆಚ್ಚು.

ಅನ್ನದ ಪೊಟ್ಟಣ, ಹೊದಿಕೆ, ತಾಡಪತ್ರಿ ಹಂಚುವ ಕೆಲಸವನ್ನು ನಮ್ಮ ಸಂಘಗಳು, ಭಜನಾ ಮಂಡಳಿಗಳು, ಮಹಿಳಾ ಮಂಡಲಗಳು ಚೆನ್ನಾಗಿ ಬಲ್ಲವು. ಅದನ್ನು ಇಲ್ಲಿ ಹೇಳಿಕೊಡಬೇಕಾಗಿಲ್ಲ. ಈ ಕೈಪಿಡಿ ಆ ಮೊದಲ ವಾರ ಮುಗಿದ ಮೇಲೆ ಶುರುವಾಗುವ ದೀರ್ಘ ಕೆಲಸಕ್ಕೆ ಸಂಬಂಧಿಸಿದ್ದು. ಅದರ ಮುಖ್ಯ ಮಾತು ಒಂದೇ: ನಗರ ಯೋಜಕರ ನಕ್ಷೆ ಬರುವ ಮೊದಲೇ ವಸ್ತಿಯವರು ತಾವೇ ಮಾಡಿದ ಮನೆಪಟ್ಟಿ ಮತ್ತು ನಕ್ಷೆ ಸಿದ್ಧವಾಗಿರಬೇಕು. ಉಳಿದ ಎಲ್ಲ ಕೆಲಸಗಳೂ ಅದರ ಮೇಲೆ ನಿಲ್ಲುತ್ತವೆ.

ಪಟ್ಟಿ ಏಕೆ ಮೊದಲು

ಇದನ್ನು ಅಷ್ಟು ಖಚಿತವಾಗಿ ಹೇಳಲು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಅನುಭವವೇ ಕಾರಣ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ ನಗರದ ಕಾಲುವೆಗಳ ತಡೆಗೋಡೆಗಳು ಒಡೆದು ಊರಿನ ಸುಮಾರು ಶೇ. 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಜನರು ಬೇರೆ ಬೇರೆ ರಾಜ್ಯಗಳಲ್ಲಿ ಚದುರಿಹೋಗಿದ್ದಾಗಲೇ, 2006ರ ಜನವರಿಯಲ್ಲಿ, ಮೇಯರ್ ನೇಮಿಸಿದ್ದ ಆಯೋಗದ ನಕ್ಷೆಯೊಂದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ತಗ್ಗಿನಲ್ಲಿದ್ದ ಕೆಲವು ಬಡಾವಣೆಗಳ ಮೇಲೆ ಅದರಲ್ಲಿ ದೊಡ್ಡ ಹಸಿರು ಚುಕ್ಕೆಗಳಿದ್ದವು. ಆ ಜಾಗಗಳು ಮುಂದೆ ಉದ್ಯಾನಗಳಾಗಬಹುದು ಎಂಬುದು ಅವುಗಳ ಅರ್ಥವಾಗಿತ್ತು. ಸಾಕಷ್ಟು ಜನ ಹಿಂದಿರುಗುತ್ತಾರೆ ಎಂಬುದನ್ನು ಬಡಾವಣೆಗಳೇ ಕೆಲವು ತಿಂಗಳೊಳಗೆ ಸಾಬೀತುಮಾಡಬೇಕು, ಅಲ್ಲಿಯವರೆಗೆ ಕಟ್ಟಡ ಪರವಾನಗಿ ಕೊಡಬಾರದು ಎಂದೂ ಆಯೋಗ ಸೂಚಿಸಿತ್ತು.

ಬ್ರಾಡ್‌ಮೂರ್ ಎಂಬ ಬಡಾವಣೆ ಅಂಥ ಒಂದು ಹಸಿರು ಚುಕ್ಕೆಯ ಕೆಳಗಿತ್ತು. ಅಲ್ಲಿನ ಹಳೆಯ ನಿವಾಸಿಗಳ ಸಂಘವು ಪ್ರತಿಭಟನೆ ನಡೆಸಿತು. ಅದಕ್ಕಿಂತ ಮುಖ್ಯವಾಗಿ, ಬೀದಿಗೊಬ್ಬರನ್ನು ಹೊಣೆಗಾರರನ್ನಾಗಿ ಮಾಡಿ, ಪ್ರತಿ ಮನೆಯವರು ಎಲ್ಲಿದ್ದಾರೆ, ಹಿಂದಿರುಗುತ್ತಾರೋ ಇಲ್ಲವೋ, ಹಿಂದಿರುಗಲು ಏನು ಅಡ್ಡಿಯಿದೆ ಎಂಬುದನ್ನು ಹುಡುಕಿ ಬರೆದಿಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನೆಡಿ ಸ್ಕೂಲ್‌ನ ನೆರವನ್ನು ಪಡೆದು, ಅದೇ ವರ್ಷದ ಮಧ್ಯದೊಳಗೆ ತನ್ನದೇ ಯೋಜನೆಯನ್ನು ಸಿದ್ಧಪಡಿಸಿತು. ಆ ಬಡಾವಣೆ ಉಳಿಯಿತು, ಅದರ ಶಾಲೆ ಮತ್ತು ಗ್ರಂಥಾಲಯಗಳು ಮತ್ತೆ ತೆರೆದವು, ಆ ಸಂಘದ ಅಧ್ಯಕ್ಷೆಯಾಗಿದ್ದ ಲಟೋಯಾ ಕ್ಯಾಂಟ್ರೆಲ್ 2018ರಲ್ಲಿ ನಗರದ ಮೇಯರ್ ಆದರು. ಅದೇ ನಗರದ ಲೋವರ್ ನೈಂತ್ ವಾರ್ಡ್ ಎಂಬ ಕಪ್ಪುಜನರ ಬಡ ಬಡಾವಣೆಯಲ್ಲಿ ಹಿಂದಿರುಗಿದವರು ಬಹಳ ಕಡಿಮೆ. ಬ್ರಾಡ್‌ಮೂರ್‌ಗೆ ಹಣ, ವಿದ್ಯೆ, ಸಂಪರ್ಕಗಳ ಬಲವಿದ್ದದ್ದು ನಿಜ. ಆದರೆ ಪಟ್ಟಿ ಮಾಡುವುದಕ್ಕೆ ಆ ಬಲ ಬೇಕಾಗುವುದಿಲ್ಲ, ಮತ್ತು ಅದಕ್ಕೆ ಮುಂಬೈಯೇ ಸಾಕ್ಷಿ.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, ಯುವಕನಾಗಿ ಮುಂಬೈಗೆ ಬಂದು ಜನತಾ ಕಾಲೋನಿಯಲ್ಲಿ ನೆಲೆಸಿದ ಜಾಕಿನ್ ಅರ್ಪುತಂ ಅವರು, 1976ರಲ್ಲಿ ಆ ಇಡೀ ವಸ್ತಿಯನ್ನು ತೆರವುಗೊಳಿಸಿ ಜನರನ್ನು ಚೀತಾ ಕ್ಯಾಂಪ್‌ಗೆ ಸಾಗಿಸಿದ್ದನ್ನು ಕಣ್ಣಾರೆ ಕಂಡವರು. ಅವರ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ, ಸ್ಪಾರ್ಕ್ ಸಂಸ್ಥೆ ಮತ್ತು ಮಹಿಳಾ ಮಿಲನ್ ಎಂಬ ಹೆಂಗಸರ ಸಂಘಟನೆ ಸೇರಿ ವಸ್ತಿಯ ಜನರೇ ತಮ್ಮ ಗಣತಿಯನ್ನು ಮಾಡಿಕೊಳ್ಳುವ ಪದ್ಧತಿಯನ್ನು ಬೆಳೆಸಿದವು, ಮತ್ತು ಆ ಪದ್ಧತಿ ಇಂದು ಆಫ್ರಿಕಾದ ನಗರಗಳಲ್ಲಿಯೂ ಬಳಕೆಯಲ್ಲಿದೆ. ಓದುಬರಹ ಹೆಚ್ಚು ಬಾರದ ಹೆಂಗಸರು ಫುಟ್‌ಪಾತಿನ ಗುಡಿಸಲುಗಳನ್ನು ಎಣಿಸಿ ಬರೆಸಿದ ಪಟ್ಟಿಗಳ ಆಧಾರದ ಮೇಲೆ ಸರಕಾರದ ಜೊತೆ ಮಾತುಕತೆ ನಡೆದಿದೆ. ನಮ್ಮ ಸಂಘಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇರೆ ಇಲ್ಲ.

ಮನೆಪಟ್ಟಿಯನ್ನು ಮಾಡುವ ಬಗೆ

ಗಲ್ಲಿಗಿಬ್ಬರಂತೆ ಜನರನ್ನು ಆರಿಸಿ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ, ಏಕೆಂದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿರುವವರು ಹೆಂಗಸರೇ, ಮತ್ತು ಯಾರ ಮನೆಯ ಮಾಳಾದ (ಮೇಲಿನ ಅಟ್ಟದ) ಮೇಲೆ ಯಾರು ಬಾಡಿಗೆಗಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಒಬ್ಬೊಬ್ಬರ ಪಾಲಿಗೆ ಇಪ್ಪತ್ತೈದು ಮನೆಗಳಿಗಿಂತ ಹೆಚ್ಚು ಬೇಡ. ದಾಖಲಿಸುವ ಘಟಕ ಬಾಗಿಲಲ್ಲ, ಒಲೆ: ಒಂದೇ ಬಾಗಿಲಿನೊಳಗೆ ಮೂರು ಕುಟುಂಬಗಳು ಬೇರೆ ಬೇರೆ ಅಡುಗೆ ಮಾಡುತ್ತಿದ್ದರೆ ಮೂರು ಸಾಲುಗಳನ್ನು ಬರೆಯಬೇಕು. ಹೋಟೆಲಿನಲ್ಲೇ ಮಲಗುವ ಹುಡುಗರು, ಗಾಳಾದಲ್ಲಿ (ಸಣ್ಣ ಕಾರ್ಖಾನೆಯ ಕೋಣೆಯಲ್ಲಿ) ದುಡಿದು ಅಲ್ಲೇ ಉಳಿಯುವ ಕಾರ್ಮಿಕರು, ನಾಕಾದಲ್ಲಿ ನಿಂತು ಕೂಲಿಗೆ ಹೋಗುವವರು ಪಟ್ಟಿಯಿಂದ ಸುಲಭವಾಗಿ ಜಾರಿಹೋಗುತ್ತಾರೆ. ಅವರಿಗಾಗಿ ರಾತ್ರಿ ಊಟದ ಹೊತ್ತಿಗೆ ಮತ್ತೊಂದು ಸುತ್ತು ಹೋಗುವುದು ಅಗತ್ಯ.

ಪ್ರತಿ ಸಾಲಿನಲ್ಲಿ ಹೆಸರನ್ನು ದಾಖಲೆಯಲ್ಲಿರುವ ಹಾಗೆಯೇ ಬರೆಯಿರಿ. ನಮ್ಮವರಲ್ಲಿ ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಲೈಟ್ ಬಿಲ್ಲಿನಲ್ಲಿ ಮಗದೊಂದು ಬಗೆಯಲ್ಲಿ ಹೆಸರಿರುವುದು ಸಾಮಾನ್ಯ, ಮೂರನ್ನೂ ಬರೆದಿಡಿ. ಮನೆಯವರು ಈಗ ಎಲ್ಲಿದ್ದಾರೆ, ಊರಿನಲ್ಲಿದ್ದರೆ ಯಾವ ಫೋನಿಗೆ ಸಿಗುತ್ತಾರೆ, ಮನೆ ಸ್ವಂತದ್ದೋ ಬಾಡಿಗೆಯದೋ ಪಾಗಡಿಯದೋ (ಮೊದಲೇ ದೊಡ್ಡ ಮೊತ್ತ ಕೊಟ್ಟು ಪಡೆದ ಹಳೆಯ ಬಗೆಯ ಬಾಡಿಗೆ), ಪತರಾ (ಮಾಡಿನ ಹಾಳೆ) ಹಾರಿದೆಯೋ ಗೋಡೆ ಬಿದ್ದಿದೆಯೋ, ನೀರು ನೆಲದಿಂದ ಎಷ್ಟು ಎತ್ತರಕ್ಕೆ ಬಂತು, ಹಾಸಿಗೆ ಹಿಡಿದವರು ಅಥವಾ ಬಸುರಿ ಹೆಂಗಸರು ಇದ್ದಾರೆಯೇ ಎಂಬಷ್ಟು ಸಾಕು. ನೀರಿನ ಗುರುತು ತೊಳೆದುಹೋಗುವ ಮುನ್ನ ಗೋಡೆಯ ಮೇಲೆ ಆಯಿಲ್ ಪೇಂಟಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಗಲ್ಲಿಯ ಹಲವು ಗೆರೆಗಳನ್ನು ಒಟ್ಟಿಗೆ ನೋಡಿದಾಗ ನೀರು ಎತ್ತಣಿಂದ ಬಂತು, ಎಲ್ಲಿ ನಿಂತಿತು ಎಂಬುದು ತಾನಾಗಿ ತಿಳಿಯುತ್ತದೆ, ಮತ್ತು ಯೋಜಕರಿಗೆ ಕೊಡಬಹುದಾದ ಸಾಮಗ್ರಿಗಳಲ್ಲಿ ಇಷ್ಟು ಬೆಲೆಯುಳ್ಳದ್ದು ಇನ್ನೊಂದಿಲ್ಲ. ನಕ್ಷೆಯನ್ನು ಉಪಗ್ರಹ ಚಿತ್ರದ ದೊಡ್ಡ ಪ್ರಿಂಟಿನ ಮೇಲೆ ಕೈಯಿಂದಲೇ ಬರೆಯಬಹುದು: ಗಲ್ಲಿಗಳು, ನಾಲಾ, ಸಾರ್ವಜನಿಕ ನಲ್ಲಿ, ಶೌಚಾಲಯ, ಬಾಲವಾಡಿ, ಬಿದ್ದ ಮರ, ವಿದ್ಯುತ್ ಪೆಟ್ಟಿಗೆ.

ಕನ್ನಡ ಸಂಘದ ಪಟ್ಟಿಯಲ್ಲಿ ಕನ್ನಡದ ಮನೆಗಳು ಮಾತ್ರ ಇರಬಾರದು. ಧಾರಾವಿಯಲ್ಲಾಗಲಿ ಮಾನ್‌ಖುರ್ದ್‌ನಲ್ಲಾಗಲಿ ಒಂದೇ ಗೋಡೆಯ ಆಚೆ ಮರಾಠಿ, ಈಚೆ ತಮಿಳು, ಎದುರಿಗೆ ಉರ್ದು ಮಾತನಾಡುವವರು ಇರುತ್ತಾರೆ. ಚರಂಡಿ ಎಲ್ಲರಿಗೂ ಒಂದೇ. ಒಂದು ಭಾಷೆಯವರ ಪಟ್ಟಿಯನ್ನು ಯಾವ ಕಚೇರಿಯೂ ಬಡಾವಣೆಯ ಪಟ್ಟಿಯೆಂದು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದ್ದರಿಂದ ಮೊದಲ ದಿನವೇ ನೆರೆಯ ಮಂಡಳಗಳನ್ನು ಕರೆದು ಜಂಟಿ ಸಮಿತಿಯನ್ನು ಮಾಡಿಕೊಳ್ಳಿ, ಕಡತಗಳನ್ನು ಮರಾಠಿಯಲ್ಲಿ ಇಡಿ, ಕನ್ನಡದ ಪ್ರತಿಯನ್ನು ಓದಿ ಹೇಳುವ ಕೆಲಸಕ್ಕೆ ಇಟ್ಟುಕೊಳ್ಳಿ.

ಪಂಚನಾಮೆ ಮತ್ತು ಕಾಗದಪತ್ರ

ಹಾನಿಯ ಪಂಚನಾಮೆಯನ್ನು ಮಾಡುವವರು ಕಂದಾಯ ಇಲಾಖೆಯವರು. ಮುಂಬೈ ಶಹರ ಮತ್ತು ಮುಂಬೈ ಉಪನಗರ ಎರಡು ಬೇರೆ ಜಿಲ್ಲೆಗಳಾದ್ದರಿಂದ ನಿಮ್ಮ ವಸ್ತಿ ಯಾವ ತಹಶೀಲ್ದಾರರ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ತಂಡ ಬಂದಾಗ ಸಮಿತಿಯ ಒಬ್ಬರು ಪಟ್ಟಿ ಹಿಡಿದು ಜೊತೆಗೇ ನಡೆಯಬೇಕು, ಬೀಗ ಬಿದ್ದ ಪ್ರತಿ ಮನೆಯ ಮುಂದೆ ನಿಲ್ಲಿಸಿ, ಮನೆಯವರು ಊರಿಗೆ ಹೋಗಿದ್ದಾರೆಂದು ನೆರೆಯವರ ಹೇಳಿಕೆಯನ್ನು ಬರೆಸಬೇಕು, ಸಾಧ್ಯವಾದರೆ ಮನೆಯವರನ್ನು ಫೋನಿನಲ್ಲಿ ಮಾತನಾಡಿಸಬೇಕು. ಸಹಿ ಬಿದ್ದ ಹಾಳೆಯ ಫೋಟೋವನ್ನು ಅಲ್ಲೇ ತೆಗೆದುಕೊಳ್ಳಿ.

ಕಾಗದದ ತೊಡಕು ಬಡವರನ್ನೇ ಹೆಚ್ಚು ಹಿಡಿಯುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಅಜ್ಜನ ಹೆಸರಿನಲ್ಲೇ ಉಳಿದಿದ್ದ ಮನೆಗಳಲ್ಲಿ ವಾಸವಿದ್ದ ಅನೇಕರಿಗೆ ಒಡೆತನವನ್ನು ತೋರಿಸಲಾಗದೆ ನೆರವು ತಡವಾಯಿತು ಅಥವಾ ಸಿಗಲೇ ಇಲ್ಲ. ಅಲ್ಲಿನ ‘ರೋಡ್ ಹೋಮ್’ ಎಂಬ ಸರಕಾರಿ ಯೋಜನೆ ದುರಸ್ತಿಯ ಖರ್ಚು ಮತ್ತು ಚಂಡಮಾರುತಕ್ಕೆ ಮುಂಚಿನ ಮನೆಯ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಕಪ್ಪುಜನರ ಬಡಾವಣೆಗಳಲ್ಲಿ ಮನೆಗಳ ಮಾರುಕಟ್ಟೆ ಬೆಲೆ ಕಡಿಮೆಯಿದ್ದುದರಿಂದ, ಅಷ್ಟೇ ಹಾನಿಗೆ ಅವರಿಗೆ ಸಿಕ್ಕ ಹಣವೂ ಕಡಿಮೆಯಾಯಿತು. 2008ರಲ್ಲಿ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, 2011ರಲ್ಲಿ ರಾಜಿಯಾಯಿತು; ಆ ಹೊತ್ತಿಗೆ ಆರು ವರ್ಷಗಳು ಕಳೆದಿದ್ದವು. ಇಲ್ಲಿ ಅಜ್ಜನ ಹೆಸರಿನ ಫೋಟೋಪಾಸ್ (ವಸ್ತಿಯ ಮನೆಗೆ ಸರಕಾರ ಕೊಟ್ಟ ಗುರುತಿನ ಚೀಟಿ) ಇಟ್ಟುಕೊಂಡಿರುವ ಕುಟುಂಬಗಳು ಎಷ್ಟಿವೆ ಎಂಬುದನ್ನು ಪಟ್ಟಿಯೇ ತೋರಿಸುತ್ತದೆ. ಅವರ ಹೆಸರು ಬದಲಾವಣೆಯ ಅರ್ಜಿಗಳನ್ನು ಚಂಡಮಾರುತಕ್ಕೆ ಕಾಯದೆ ಈಗಲೇ ಹಾಕಿಸಬೇಕು.

ಮಳೆಗಾಲಕ್ಕೆ ಮುಂಚೆ ಆಗಬೇಕಾದದ್ದು

ಮೇ ತಿಂಗಳ ಚಂಡಮಾರುತಕ್ಕೂ ಮುಂಗಾರಿಗೂ ನಡುವೆ ಮೂರು ವಾರವಷ್ಟೇ ಸಿಕ್ಕರೂ ಹೆಚ್ಚು. ಆ ಅವಧಿಯಲ್ಲಿ ಶಾಶ್ವತ ಕಟ್ಟಡದ ಮಾತು ಬೇಡ. ಮಾಡು ಮತ್ತು ನಾಲಾ ಎರಡೇ ಸಾಕು.

ಪತರಾ ಹಾರುವುದು ಸಾಮಾನ್ಯವಾಗಿ ಅಂಚಿನಿಂದ. ಗಾಳಿ ಸೂರಿನ ತುದಿಯಲ್ಲಿ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಹೀರುತ್ತದೆ. ಒಂದು ಹಾಳೆ ಬಿಚ್ಚಿದರೆ ಒಳಗೆ ನುಗ್ಗಿದ ಗಾಳಿ ಉಳಿದವನ್ನೂ ತಳ್ಳುತ್ತದೆ. ಆದ್ದರಿಂದ ಅಂಚು, ಮೂಲೆ ಮತ್ತು ನೆತ್ತಿಯ ಸಾಲಿನಲ್ಲಿ ಜೆ-ಹುಕ್ಕುಗಳನ್ನು ನಡುವಿನದಕ್ಕಿಂತ ಒತ್ತೊತ್ತಾಗಿ ಹಾಕಿಸಿ, ಅಗಲವಾದ ವಾಷರುಗಳನ್ನು ಕೊಡಿಸಿ, ಸೂರನ್ನು ಗೋಡೆಯಾಚೆಗೆ ಉದ್ದ ಚಾಚಬೇಡಿ. ಪತರಾವನ್ನು ಅಡ್ಡಪಟ್ಟಿಗೆ ಬಿಗಿದರೆ ಸಾಲದು. ಅಡ್ಡಪಟ್ಟಿಯನ್ನು ಕಂಬಕ್ಕೂ ಕಂಬವನ್ನು ಪಾಯಕ್ಕೂ ಕಬ್ಬಿಣದ ಪಟ್ಟಿಯಿಂದ ಕಟ್ಟಬೇಕು, ಇಲ್ಲವಾದರೆ ಮಾಡು ಇಡಿಯಾಗಿ ಎದ್ದುಹೋಗುತ್ತದೆ. ಕಲ್ಲು, ಟಯರು ಹೇರಿಡುವ ರೂಢಿಯನ್ನು ಬಿಡಿಸಿ. ಬಿರುಗಾಳಿಯಲ್ಲಿ ಅವು ಕೆಳಗೆ ನಿಂತವರ ತಲೆಯ ಮೇಲೆ ಬೀಳುತ್ತವೆ. ಒಡೆದ ಹಳೆಯ ಸಿಮೆಂಟ್ ಪತರಾದಲ್ಲಿ ಕಲ್ನಾರು ಇರುವುದರಿಂದ ಅದನ್ನು ನೀರಿನಿಂದ ನೆನೆಸಿ, ಮಾಸ್ಕ್ ಹಾಕಿಕೊಂಡು, ಇನ್ನಷ್ಟು ಒಡೆಯದೆ ಇಳಿಸಿ. ಅವಶೇಷಗಳನ್ನು ನಾಲಾದ ದಂಡೆಯಲ್ಲಿ ಒಂದು ರಾತ್ರಿಯ ಮಟ್ಟಿಗೂ ಇಡಬೇಡಿ.

ಈ ಕೆಲಸಕ್ಕೆ ಬೇಕಾದ ಕೈಗಳು ವಸ್ತಿಯಲ್ಲೇ ಇವೆ. ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಜನ ಗಾರೆ ಕೆಲಸ, ಸೆಂಟ್ರಿಂಗ್ ಮತ್ತು ವೆಲ್ಡಿಂಗ್ ಬಲ್ಲವರು, ಮತ್ತು ಚಂಡಮಾರುತದ ನಂತರ ಅವರದೇ ಕೂಲಿ ನಿಂತುಹೋಗಿರುತ್ತದೆ. ದುರಸ್ತಿಯ ಹಣ ಅವರ ಕೈಗೇ ಹೋಗಲಿ, ಸರಿಯಾದ ಕೂಲಿಯಾಗಿ ಹೋಗಲಿ. ಶ್ರಮದಾನದ ಹೆಸರಿನಲ್ಲಿ ಅವರಿಂದ ಬಿಟ್ಟಿ ದುಡಿಸಿಕೊಳ್ಳುವುದು ಅನ್ಯಾಯ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದಾದ್ದರಿಂದ, ಆ ಅರ್ಜಿಯನ್ನೂ ಇದೇ ಸಂದರ್ಭದಲ್ಲಿ ತುಂಬಿಸಬಹುದು.

ಯೋಜಕರೊಡನೆ ಕುಳಿತುಕೊಳ್ಳುವಾಗ

ವಾಸ್ತುಶಿಲ್ಪ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಒಳ್ಳೆಯ ಜೊತೆಗಾರರಾಗಬಲ್ಲರು, ಸರ್ ಜೆ.ಜೆ. ಕಾಲೇಜು, ಜುಹೂವಿನ ಕಮಲಾ ರಹೇಜಾ ಸಂಸ್ಥೆಯಂಥವು ಈ ನಗರದಲ್ಲೇ ಇವೆ. ಒಪ್ಪಿಕೊಳ್ಳುವ ಮುನ್ನ ನಾಲ್ಕು ವಿಷಯಗಳನ್ನು ಕಾಗದದ ಮೇಲೆ ತನ್ನಿ: ಪಟ್ಟಿ ಸಮಿತಿಯ ಸ್ವತ್ತು, ಅದರಲ್ಲಿನ ಹೆಸರು ಮತ್ತು ಫೋನ್ ಸಂಖ್ಯೆಗಳು ಬಿಲ್ಡರ್ ಸೇರಿದಂತೆ ಹೊರಗಿನ ಯಾರ ಕೈಗೂ ಹೋಗಬಾರದು, ನಕ್ಷೆಗಳನ್ನು ವಸ್ತಿಯವರ ಭಾಷೆಯಲ್ಲಿ ವಿವರಿಸಬೇಕು, ಅಂತಿಮ ವರದಿ ಸಲ್ಲಿಸುವ ಮುನ್ನ ಗಲ್ಲಿಸಭೆಯ ಒಪ್ಪಿಗೆ ಬೇಕು.

ಸಭೆಯಲ್ಲಿ ಯೋಜಕರು ಚಿತ್ರ ತೋರಿಸಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಚಿತ್ರದಂತೆ ಆದರೆ ಯಾರ ಮನೆ ಎಲ್ಲಿಗೆ ಹೋಗುತ್ತದೆ ಎಂಬುದು. ನಾಲಾ ಅಗಲ ಮಾಡುವುದು ಸರಿ, ಆದರೆ ದಂಡೆಯ ಮೇಲಿರುವ ನಲವತ್ತು ಮನೆಗಳಿಗೆ ಅದೇ ವಾರ್ಡಿನಲ್ಲಿ ಜಾಗವಿದೆಯೇ? ತೈಲ ಶುದ್ಧೀಕರಣ ಘಟಕಗಳ ಪಕ್ಕದ ಮಾಹುಲ್‌ನಂಥ ದೂರದ ಜಾಗಕ್ಕೆ ಕಳುಹಿಸಿದವರು ಅಲ್ಲಿನ ಗಾಳಿ, ನೀರು ಮತ್ತು ಉದ್ಯೋಗದ ತೊಂದರೆಗಳಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು ಎಂಬುದನ್ನು ಈ ನಗರ ಕಂಡಿದೆ. ಪುಣೆಯಲ್ಲಿ 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ನದಿಯಂಚಿನ ಪೇಟೆಗಳು ಕೊಚ್ಚಿಹೋದ ಮೇಲೆ, ನಿರಾಶ್ರಿತರಿಗಾಗಿ ನಗರದ ಬೇರೆ ಭಾಗಗಳಲ್ಲಿ ಹೊಸ ವಸಾಹತುಗಳೆದ್ದವು. ಹಳೆಯ ನೆರೆಹೊರೆಯವರನ್ನು ಒಂದೆಡೆ ಇಡುವುದೋ ಚದುರಿಸುವುದೋ ಎಂಬ ಪ್ರಶ್ನೆ ಅಂಥ ಪ್ರತಿ ಸ್ಥಳಾಂತರದಲ್ಲಿಯೂ ಏಳುತ್ತದೆ, ಮತ್ತು ಅದನ್ನು ಹಂಚಿಕೆಯ ಚೀಟಿ ಎತ್ತುವ ಮೊದಲೇ ಕೇಳಬೇಕು.

ನೀರಿನ ಲೆಕ್ಕವನ್ನು ಸಮಿತಿಯವರೂ ಸ್ವಲ್ಪ ತಿಳಿದಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯಾದಾಗ ನಗರದ ಹಳೆಯ ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನಷ್ಟೇ ಸಾಗಿಸಬಲ್ಲವಾಗಿದ್ದವು; ಆ ನಂತರ ಕೈಗೆತ್ತಿಕೊಂಡ ಬ್ರಿಮ್‌ಸ್ಟೋವಾಡ್ ಎಂಬ ಮಳೆನೀರು ಚರಂಡಿ ಯೋಜನೆ ಅದನ್ನು 50ಕ್ಕೆ ಏರಿಸುವ ಗುರಿಯಿಟ್ಟಿತು. ಸಮುದ್ರದಲ್ಲಿ ಉಬ್ಬರವಿದ್ದಾಗ ತಗ್ಗಿನ ಚರಂಡಿಗಳ ಬಾಯಿ ನೀರಿನಡಿಗೆ ಹೋಗುವುದರಿಂದ, ಮಳೆನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. ಹೀಗಾಗಿ ‘ನಿಮ್ಮ ಚರಂಡಿ ಉಬ್ಬರದ ಹೊತ್ತಿನಲ್ಲಿ ಎಷ್ಟು ಮಳೆಯನ್ನು ಹೊರಹಾಕುತ್ತದೆ’ ಎಂಬುದೇ ಯೋಜಕರಿಗೆ ಹಾಕಬೇಕಾದ ಪ್ರಶ್ನೆ. ಇಳಿತದ ಹೊತ್ತಿನ ಲೆಕ್ಕವನ್ನು ಒಪ್ಪಿಕೊಳ್ಳಬೇಡಿ. ಮನೆಯ ನೆಲವನ್ನು ಎತ್ತರಿಸುವ ವಿಚಾರದಲ್ಲಿಯೂ ಎಚ್ಚರ ಬೇಕು. ಒಬ್ಬರು ತಮ್ಮ ನೆಲವನ್ನು ಎರಡು ಅಡಿ ಏರಿಸಿದರೆ ಆ ನೀರು ಪಕ್ಕದ ಮನೆಗೆ ನುಗ್ಗುತ್ತದೆ, ಮತ್ತು ವಸ್ತಿಯ ಮನೆಗಳಿಗೆ ಪಾಲಿಕೆ ಇಟ್ಟಿರುವ 14 ಅಡಿಯ ಎತ್ತರದ ಮಿತಿಯೊಳಗೆ ನೆಲ ಏರಿದಷ್ಟೂ ಮಾಳಾದ ತಲೆಯೆತ್ತರ ಕುಗ್ಗುತ್ತದೆ. ಆದ್ದರಿಂದ ನೆಲದ ಮಟ್ಟವನ್ನು ಗಲ್ಲಿ ಪೂರ್ತಿ ಕುಳಿತು ಒಟ್ಟಿಗೆ ತೀರ್ಮಾನಿಸಿ, ಎತ್ತರದ ಸಡಿಲಿಕೆಯನ್ನು ಒಟ್ಟಾಗಿ ಕೇಳಿ.

ಸಭೆಗೆ ಬಾರದವರ ದನಿಯನ್ನೂ ಸಭೆಗೆ ತರಬೇಕು. ನ್ಯೂ ಆರ್ಲಿಯನ್ಸ್ ಅನ್ನು ಮತ್ತೆ ಕಟ್ಟುವ ಏಕೀಕೃತ ಯೋಜನೆಯ ಮೊದಲ ಮಹಾಸಭೆಗೆ ಬಂದವರಲ್ಲಿ ಬಿಳಿಯರೂ ಉಳ್ಳವರೂ ಹೆಚ್ಚಾಗಿದ್ದರೆಂಬ ಟೀಕೆ ಬಂತು. 2006ರ ಡಿಸೆಂಬರಿನ ಎರಡನೆಯ ಸಭೆಯನ್ನು ನಿರಾಶ್ರಿತರು ನೆಲೆಸಿದ್ದ ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾ ನಗರಗಳಲ್ಲಿಯೂ ಏಕಕಾಲಕ್ಕೆ ನಡೆಸಿದ ಮೇಲೆ ಭಾಗವಹಿಸಿದವರ ಚಿತ್ರ ಬದಲಾಯಿತು. ನಮ್ಮ ಮಟ್ಟಿಗೆ ಅದು ವಿಡಿಯೊ ಕರೆಯಲ್ಲೇ ಆದೀತು: ಒಂದೇ ತಾಲ್ಲೂಕಿನ ಹತ್ತು ಕುಟುಂಬಗಳು ಊರಿನಲ್ಲಿದ್ದರೆ, ಅವರು ಒಬ್ಬರ ಮನೆಯಲ್ಲಿ ಸೇರಿ ಅಲ್ಲಿಂದಲೇ ಮಾತನಾಡಲಿ. ಸಭೆ ಭಾನುವಾರ ಸಂಜೆ ಇರಲಿ, ಅದೂ ಹೋಟೆಲ್ ಕಾರ್ಮಿಕರ ಪಾಳಿಯನ್ನು ಕೇಳಿಕೊಂಡ ಮೇಲೆ.

ಬರಹದಲ್ಲಿ ಕೊಟ್ಟದ್ದೇ ನಿಲ್ಲುತ್ತದೆ

ನಗರದ ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಪಡಿಸುವ ಅಭಿವೃದ್ಧಿ ಯೋಜನೆಯಲ್ಲಿ ಬದಲಾವಣೆ ಪ್ರಕಟವಾದಾಗ ಆಕ್ಷೇಪ ಸಲ್ಲಿಸಲು ಸಿಗುವ ಸಮಯ ಕಡಿಮೆ. ಆದರೆ ಆ ಆಕ್ಷೇಪಗಳು ವ್ಯರ್ಥವಲ್ಲ: ಮುಂಬೈನ 2034ರವರೆಗಿನ ಅಭಿವೃದ್ಧಿ ಯೋಜನೆಯ ಮೊದಲ ಕರಡು 2015ರ ಫೆಬ್ರವರಿಯಲ್ಲಿ ಹೊರಬಂದಾಗ ನಾಗರಿಕರು ಸಾವಿರಾರು ತಪ್ಪುಗಳನ್ನು ಎತ್ತಿ ತೋರಿಸಿದರು, ಮತ್ತು ಅದೇ ಏಪ್ರಿಲಿನಲ್ಲಿ ರಾಜ್ಯ ಸರಕಾರ ಆ ಕರಡನ್ನು ಬದಿಗಿಟ್ಟು ಹೊಸದಾಗಿ ಮಾಡಲು ಹೇಳಿತು. ಆಕ್ಷೇಪದ ಅರ್ಜಿಗೆ ಮನೆಪಟ್ಟಿಯ ಸಾರಾಂಶ, ನೀರಿನ ಗೆರೆಗಳ ನಕ್ಷೆ ಮತ್ತು ಸಭೆಯ ಠರಾವನ್ನು ಲಗತ್ತಿಸಿ. ಎರಡನೆಯ ಪ್ರತಿಯ ಮೇಲೆ ಆವಕ ಠಸ್ಸೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ 150 ಪದಗಳೊಳಗೆ, ಆದ್ದರಿಂದ ನಾಲಾದ ಟೆಂಡರ್ ಮತ್ತು ಪಂಪಿನ ನಿರ್ವಹಣೆಯನ್ನು ಬೇರೆ ಬೇರೆ ಅರ್ಜಿಗಳಲ್ಲಿ ಕೇಳಿ.

ಹಣದ ಲೆಕ್ಕವನ್ನು ಪ್ರತಿ ವಾರ ಗಲ್ಲಿಯ ಫಲಕದಲ್ಲಿ ಹಚ್ಚಿ. ನೋಂದಾಯಿತ ಸಂಘದ ಖಾತೆಯ ಮೂಲಕವೇ ದೇಣಿಗೆ ಪಡೆಯಿರಿ. ವಿದೇಶದಲ್ಲಿರುವ ಬಂಧುಗಳು ಕಳುಹಿಸುವ ವಿದೇಶಿ ಹಣವನ್ನು ಅದಕ್ಕೆ ಬೇಕಾದ ಕೇಂದ್ರದ ಅನುಮತಿ ಇಲ್ಲದೆ ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ.

ಮಳೆ ನಿಂತ ಮೇಲೆ, ನವರಾತ್ರಿಯ ಹೊತ್ತಿಗೆ, ಪಟ್ಟಿಯನ್ನು ಹಿಡಿದು ಎರಡನೆಯ ಸುತ್ತು ಹೋಗಿ. ಯಾರು ಹಿಂದಿರುಗಿಲ್ಲ, ಯಾರ ಬಾಡಿಗೆ ಏರಿದೆ, ಯಾವ ಮನೆಗೆ ಇನ್ನೂ ತಾಡಪತ್ರಿಯೇ ಮಾಡಾಗಿದೆ, ಯಾರಿಗೆ ಪರಿಹಾರದ ಹಣ ಬಂದಿಲ್ಲ ಎಂಬುದನ್ನು ಗುರುತಿಸಿ, ಶಾಶ್ವತ ಕೆಲಸಗಳ ಪಟ್ಟಿಯನ್ನು ಆಗ ಮಾಡಿ. ಪುಣೆಯ ಮಹಾನಗರಪಾಲಿಕೆ 2006–07ರಿಂದ ನಾಗರಿಕರ ಸಲಹೆಗಳನ್ನು ವಾರ್ಡ್ ಮಟ್ಟದಲ್ಲಿ ಕರೆದು ಬಜೆಟ್ಟಿಗೆ ಸೇರಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಅಲ್ಲಿನ ಸಂಘಗಳು ಆ ಅರ್ಜಿಯನ್ನೇ ಬಳಸಬಹುದು. ಮುಂಬೈನಲ್ಲಿ ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿಯ ಮೊದಲ ವಾರದಲ್ಲಿ ಮಂಡನೆಯಾಗುವುದರಿಂದ, ನಾಲಾದ ಗೋಡೆ, ಗಲ್ಲಿಯ ಚರಂಡಿ ಮತ್ತು ಆಸರೆಗೆ ಬಳಸುವ ಪಾಲಿಕೆ ಶಾಲೆಯ ದುರಸ್ತಿಯ ಬೇಡಿಕೆಗಳು ನವೆಂಬರ್ ಮುಗಿಯುವುದರೊಳಗೆ ವಾರ್ಡ್ ಕಚೇರಿಯ ಸಹಾಯಕ ಆಯುಕ್ತರ ಮೇಜನ್ನು ತಲುಪಿರಬೇಕು.